ಬೋರ್‌ವೆಲ್ ಕೇಬಲ್ ಕಳವು ಮತ್ತು ಬೀಟ್ ಪೊಲೀಸ್: ಒಂದು ಓದಿನ ಟಿಪ್ಪಣಿ

ಕರ್ನಾಟಕದಲ್ಲಿ ಹಳ್ಳಿ ಕಾವಲಿನ ಇತಿಹಾಸದ ಭಾಗವನ್ನು ಬೇಗ ಮುಗಿಸಿಬಿಡೋಣ. ಊರು ಕಾಯುತ್ತಿದ್ದವನು ತಳವಾರ. ವಂಶಪಾರಂಪರ್ಯವಾಗಿ ಬಂದ ಇಂಥ ಹುದ್ದೆಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋದವು. 1964ರಲ್ಲಿ ಗ್ರಾಮ ರಕ್ಷಣಾ ದಳಗಳಿಗೆಂದೇ ಒಂದು ಕಾಯ್ದೆ ಬಂತು. 2017ರಲ್ಲಿ ಬಂದ ಸುಧಾರಿತ ಬೀಟ್ ಪದ್ಧತಿಯಲ್ಲಿ ಠಾಣೆಯ ವ್ಯಾಪ್ತಿಯನ್ನು ತುಂಡು ಮಾಡಿ, ಒಂದೊಂದು ಬೀಟನ್ನೂ ಒಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್ ಹೆಗಲಿಗೆ ಹಾಕಿದರು. 2025ರ ಜುಲೈನಲ್ಲಿ, ಪೊಲೀಸರೇ ಮನೆಗಳಿಗೆ ಹೋಗಿ ಮಾತನಾಡಿಸುವ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಪರೀಕ್ಷೆಯ ಅಂಕಕ್ಕೆ ಇಷ್ಟು ಸಾಕು.

ನಿಜವಾಗಿ ಅರ್ಥ ಮಾಡಿಕೊಳ್ಳಬೇಕಾದ್ದು ಬೀಟ್ ಪೊಲೀಸರಿಗೆ ಸುದ್ದಿ ಸಿಗುವುದು ಹೇಗೆ, ಸಿಗದೆ ಹೋಗುವುದು ಯಾಕೆ ಅನ್ನುವುದು. ನನಗಿದು ತಿಳಿದದ್ದು ನಮ್ಮ ಮಾವನ ಹೊಲದಲ್ಲಿ. ಬೆಳಿಗ್ಗೆ ಹೋಗಿ ನೋಡಿದರೆ ಸ್ಟಾರ್ಟರ್ ಡಬ್ಬದ ಕೆಳಗೆ ಒಂದು ಗೇಣು ವೈರ್, ಬೋರ್ ಬಾಯಲ್ಲಿ ಒಂದು ಗೇಣು. ನಡುವಿನದ್ದು ಮಾಯ. ಹಳ್ಳದ ದಂಡೆಯಲ್ಲಿ ಕಪ್ಪು ಬೂದಿ, ಸುಟ್ಟ ಪ್ಲಾಸ್ಟಿಕ್ ವಾಸನೆ. ಸಿಪ್ಪೆ ಸುಟ್ಟು ತಾಮ್ರ ಒಯ್ದಿದ್ದರು. ಮಾವ ದೂರು ಕೊಡಲಿಲ್ಲ. ‘ನಾಲ್ಕು ಸಾವಿರದ ವೈರಿಗೆ ನಾಲ್ಕು ದಿನ ಅಲೆಯಲಾ?’ ಅಂದರು.

ಅವರ ಲೆಕ್ಕ ತಪ್ಪಲ್ಲ. ಕಾನೂನಲ್ಲೂ ಇಲ್ಲೊಂದು ಗುಂಡಿ ಇದೆ. ಭಾರತೀಯ ನ್ಯಾಯ ಸಂಹಿತೆಯ 303(2)ರಲ್ಲಿ, ಕದ್ದ ಮಾಲು ₹5,000ಕ್ಕಿಂತ ಕಡಿಮೆಯದ್ದಾಗಿ, ಅಪರಾಧಿಗೆ ಅದು ಮೊದಲ ಶಿಕ್ಷೆಯಾಗಿ, ಮಾಲು ಅಥವಾ ಅದರ ಬೆಲೆ ಹಿಂತಿರುಗಿದರೆ, ಸಮುದಾಯ ಸೇವೆಯೇ ಶಿಕ್ಷೆ. ತನಿಖೆ, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯಲ್ಲಿ ಇಂಥ ಸಣ್ಣ ಕಳವು ಅಸಂಜ್ಞೇಯ. ಅಂದರೆ ಅದೇ ಸಂಹಿತೆಯ 174ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಬೆಳೆ ಒಣಗಿ ಆದ ನಷ್ಟ ಈ ಐದು ಸಾವಿರದ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಪೂರ್ತಿ ದಾರಿ ಮುಚ್ಚಿಲ್ಲ. ನ್ಯಾಯ ಸಂಹಿತೆಯ 326(ಎ) ಓದಿ: ಕೃಷಿಗೆ ಹೋಗುವ ನೀರು ಕಡಿಮೆಯಾಗುವಂತೆ ಹಾನಿ ಮಾಡಿದರೆ 5 ವರ್ಷದವರೆಗೆ ಶಿಕ್ಷೆ, ಸಂಜ್ಞೇಯ, ಅಂದರೆ ಆದೇಶಕ್ಕೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದು. ಕೇಬಲ್ ಕತ್ತರಿಸಿದ್ದು ಇದಕ್ಕೆ ಸೇರುತ್ತದೆ ಎಂದು ವಾದಿಸಬಹುದು ಅನ್ನುವುದು ನನ್ನ ಓದು. ಒಪ್ಪಿದರೆ, ಪ್ರಕರಣದಲ್ಲಿ ಒಂದು ಅಪರಾಧ ಸಂಜ್ಞೇಯವಾದರೂ ಇಡೀ ಪ್ರಕರಣ ಸಂಜ್ಞೇಯ ಅನ್ನುವ ಸುರಕ್ಷಾ ಸಂಹಿತೆಯ 174(4) ಕೈಹಿಡಿಯುತ್ತದೆ. ಗ್ಯಾಂಗ್ ಕಟ್ಟಿಕೊಂಡು ಕದಿಯುವವರಿಗೆ ನ್ಯಾಯ ಸಂಹಿತೆಯ 112, ಸಣ್ಣ ಸಂಘಟಿತ ಅಪರಾಧ. ತುರ್ತು ಕರೆಯ ನಂಬರೂ 112, ಮರೆಯುವುದು ಕಷ್ಟ!

ತಡೆಯ ವಿಷಯಕ್ಕೆ ಬಂದರೆ, ಜೀಪು ಸೈರನ್ ಹಾಕಿಕೊಂಡು ಊರೊಳಗೆ ಹೋಗಿಬಂದದ್ದು ಹೊಲಕ್ಕೇನೂ ಕೇಳಿಸದು. ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟಾಗ ರೈತ ಟಾರ್ಚ್ ಹಿಡಿದು ಹೊಲದಲ್ಲೇ ಇರುತ್ತಾನೆ. ಹಗಲು ಕೊಟ್ಟ ವಾರ ರಾತ್ರಿ ಹೊಲ ಖಾಲಿ. ಕಳ್ಳನಿಗೆ ಈ ಪಾಳಿ ಗೊತ್ತಿದ್ದು ಬೀಟ್ ಪೊಲೀಸರಿಗೆ ಗೊತ್ತಿಲ್ಲದಿದ್ದರೆ ಗಸ್ತು ದಂಡ. ಇನ್ನೊಂದು ತುದಿ ಗುಜರಿ ಅಂಗಡಿ. ಸುಟ್ಟ ತಾಮ್ರ ಕೊನೆಗೆ ತಕ್ಕಡಿ ಏರಲೇಬೇಕು, ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ ನ್ಯಾಯ ಸಂಹಿತೆಯ 317 ಇದೆ. ಹಸಿ ಅಡಿಕೆ, ಕಾಳುಮೆಣಸು, ಕುರಿ ಕಳವಿಗೂ ಇದೇ ಸೂತ್ರ: ಕೊಳ್ಳುವವನನ್ನು ಹಿಡಿದರೆ ಕದಿಯುವವನು ಸಿಗುತ್ತಾನೆ.

ಎರಡು ತಿಂಗಳಿಗೆ ಪಕ್ಕದ ಹೊಲದ ಕೇಬಲ್ಲೂ ಹೋಯಿತು. ಈ ಸಲ ಬೀಟ್ ಪೊಲೀಸರು ಬಂದರು. ಮಾವ ಹಳ್ಳದ ಬೂದಿ ತೋರಿಸಿದರು. ‘ಇದು ಹಳೇದಲ್ವಾ, ಯಾವಾಗಿನದು?’ ಅಂತ ಅವರು ಕೇಳಿದರು. ಮಾವನಿಗೆ ತಾರೀಖು ನೆನಪಾಗಲಿಲ್ಲ.