ಲೆಕ್ಕ ಹಾಕಿ ಗೆದ್ದ ಎಡ್ಡಿ ಲಾಸನ್

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಬೈಕಿನ ಮಾತು ಶುರುವಾದರೆ ಯಮಹಾ ಆರ್‌ಎಕ್ಸ್ 100 ಬಂದೇ ಬರುತ್ತದೆ. ತಯಾರಿಕೆ 1996ರಲ್ಲೇ ನಿಂತರೂ ಅದನ್ನು ಜೋಪಾನವಾಗಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಮಾತೆಲ್ಲ ಅದರ ಪಿಕಪ್ ಬಗ್ಗೆ, ಯಾರು ಎಷ್ಟು ಬೇಗ ಘಾಟಿ ಹತ್ತಿದರು ಅನ್ನೋದರ ಬಗ್ಗೆ. ಆ ಬೈಕ್ 1985ರಲ್ಲಿ ನಮ್ಮ ರಸ್ತೆಗೆ ಬಂತು; ಅದರ ಹಿಂದಿನ ವರ್ಷವಷ್ಟೇ ಅದೇ ಯಮಹಾದ 500 ಸಿಸಿ ಟೂ ಸ್ಟ್ರೋಕ್ ಓಡಿಸಿ ವಿಶ್ವ ಚಾಂಪಿಯನ್ ಆದವರು ಅಮೆರಿಕದ ಎಡ್ಡಿ ಲಾಸನ್. ಇಲ್ಲಿನ ಬೈಕ್ ಮಾತಿನಲ್ಲಿ ಅವರ ಹೆಸರೂ ಬರಬೇಕು ಅಂತ ನನ್ನ ಆಸೆ.

ಟೂ ಸ್ಟ್ರೋಕ್ ಗುಣ ಗೊತ್ತಲ್ವಾ? ಕಡಿಮೆ ಆರ್‌ಪಿಎಂನಲ್ಲಿ ಸುಮ್ನೆ ಇರುತ್ತದೆ, ಒಂದು ಹಂತ ದಾಟಿದರೆ ಒಮ್ಮೆಲೇ ಎಳೆಯುತ್ತದೆ. 500 ಸಿಸಿ ರೇಸ್ ಬೈಕಿನಲ್ಲಿ ಅದನ್ನು ತಡೆಯಲು ಆಗ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ತಿರುವಿನಲ್ಲಿ ಬೈಕ್ ವಾಲಿರುವಾಗ ಎಕ್ಸಲರೇಟರ್ ಸ್ವಲ್ಪ ಜಾಸ್ತಿಯಾದರೆ ಹಿಂದಿನ ಚಕ್ರ ಜಾರುತ್ತದೆ. ಟೈರ್ ಮತ್ತೆ ಹಿಡಿದ ಕ್ಷಣದಲ್ಲಿ ಬೈಕ್ ಸವಾರನನ್ನೇ ಮೇಲಕ್ಕೆ ಎಸೆಯುತ್ತದೆ. ಆ ಕಾಲದ ದೊಡ್ಡ ದೊಡ್ಡ ಸವಾರರ ಮೂಳೆ ಮುರಿದದ್ದು ಹೀಗೆಯೇ. ಲಾಸನ್ ಓಡಿಸುತ್ತಿದ್ದ ರೀತಿಯಲ್ಲಿ ಆರ್ಭಟವೇ ಇರಲಿಲ್ಲ. ‘ಸ್ಟೆಡಿ ಎಡ್ಡಿ’ ಅನ್ನೋ ಹೆಸರು ಅದಕ್ಕೇ ಬಂತು. ಅವರದು ಬರೀ ಹುಷಾರಿನ ಓಟ ಅನ್ನೋ ಮಾತೂ ಇದೆ.

1981 ಮತ್ತು 1982ರಲ್ಲಿ ಕವಾಸಕಿ ಮೇಲೆ ಅಮೆರಿಕದ ಸೂಪರ್‌ಬೈಕ್ ಚಾಂಪಿಯನ್ ಆಗಿ, 1983ರಲ್ಲಿ ಅವರು ಯಮಹಾ ಸೇರಿ ವಿಶ್ವ ಮಟ್ಟಕ್ಕೆ ಬಂದರು. ಮರುವರ್ಷ ಹೋಂಡಾ ಸವಾರ ಫ್ರೆಡ್ಡಿ ಸ್ಪೆನ್ಸರ್ 5 ರೇಸ್ ಗೆದ್ದರು, ಆದರೆ ಗಾಯದಿಂದ ಕೆಲವು ರೇಸ್ ತಪ್ಪಿಸಿಕೊಂಡರು. ಲಾಸನ್ ಗೆದ್ದದ್ದು 4. ಆದರೆ ಇದ್ದ 12 ರೇಸ್‌ಗಳಲ್ಲಿ ಒಂದರಲ್ಲೂ ಅವರು 4ನೇ ಸ್ಥಾನಕ್ಕಿಂತ ಕೆಳಗಿಳಿಯಲಿಲ್ಲ. ಎಲ್ಲ ರೇಸ್‌ಗಳ ಪಾಯಿಂಟ್ ಕೂಡಿಸಿದಾಗ ಪಟ್ಟ ಅವರಿಗೇ ಬಂತು. 1986, 1988ರಲ್ಲೂ ಅವರೇ ಚಾಂಪಿಯನ್.

1989ರಲ್ಲಿ ಎಲ್ಲರಿಗೂ ಅಚ್ಚರಿಯಾಗುವ ಹಾಗೆ ಯಮಹಾ ಬಿಟ್ಟು ಹೋಂಡಾಕ್ಕೆ ಹೋದರು. ಆ ಬೈಕ್ ಸುಲಭಕ್ಕೆ ಬಗ್ಗುವಂಥದ್ದಲ್ಲ. ಬೈಕ್ ಸಜ್ಜು ಮಾಡುವ ಮೆಕ್ಯಾನಿಕ್ ಎರ್ವ್ ಕನೆಮೊಟೊ ಜೊತೆ ಕೂತು ರೇಸಿನಿಂದ ರೇಸಿಗೆ ಅದನ್ನು ತಿದ್ದಿದರು. ಆ ವರ್ಷ ಕೆವಿನ್ ಶ್ವಾಂಟ್ಜ್ 6 ರೇಸ್ ಗೆದ್ದರೂ 4ನೇ ಸ್ಥಾನದಲ್ಲಿ ಉಳಿದರು. ಪಾಯಿಂಟ್‌ನಲ್ಲಿ ಮುಂದಿದ್ದ ವೇಯ್ನ್ ರೇನಿ ಸ್ವೀಡನ್‌ನಲ್ಲಿ ಲಾಸನ್ ಅವರನ್ನು ಬೆನ್ನಟ್ಟುವಾಗ ಬೈಕಿನಿಂದ ಬಿದ್ದರು. ಕೊನೆಗೆ ಲಾಸನ್‌ಗೆ 228 ಪಾಯಿಂಟ್, ರೇನಿಗೆ 210.5. ಬೇರೆ ಬೇರೆ ಕಂಪನಿಯ ಬೈಕಿನಲ್ಲಿ ಸತತ ಎರಡು ವರ್ಷ 500 ಸಿಸಿ ಪಟ್ಟ ಗೆದ್ದವರಲ್ಲಿ ಅವರೇ ಮೊದಲಿಗರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1992ರ ಹಂಗೇರಿ ರೇಸ್. ಮಲೆನಾಡಿನವರಿಗೆ ಅದು ಬೇಗ ಅರ್ಥವಾಗುತ್ತದೆ. ಮಳೆ ನಿಂತ ಮೇಲೆ ಆಗುಂಬೆ ಘಾಟಿಯ 14 ತಿರುವುಗಳೂ ಒಂದೇ ಸಲ ಒಣಗಲ್ಲ. ಬಿಸಿಲು ಬಿದ್ದ ಕಡೆ ಟಾರು ಕಾಣುತ್ತದೆ, ಮರದ ಕೆಳಗೆ ಇನ್ನೂ ಜಾರುತ್ತದೆ. ಹಂಗೇರಿಯಲ್ಲಿ ಟ್ರ್ಯಾಕ್ ಒದ್ದೆಯಾಗಿತ್ತು. ಲಾಸನ್ ಆಗ ಇಟಲಿಯ ಕಜೀವಾ ಕಂಪನಿಗೆ ಓಡಿಸುತ್ತಿದ್ದರು. ಅದು ವರ್ಷಗಟ್ಟಲೆ ಹೆಣಗಿದರೂ 500 ಸಿಸಿಯಲ್ಲಿ ಒಂದು ರೇಸನ್ನೂ ಗೆದ್ದಿರಲಿಲ್ಲ. ಟ್ರ್ಯಾಕ್ ಒಣಗುತ್ತದೆ ಎಂದು ಲೆಕ್ಕ ಹಾಕಿ, ಅವರು ಪೂರ್ತಿ ಮಳೆಯ ಟೈರ್ ಬಿಟ್ಟು ಒಣಗುವ ನೆಲಕ್ಕೆ ಹೊಂದುವ ಟೈರ್ ಹಾಕಿಸಿದರು. ಮೊದಮೊದಲು ಹಿಂದೆ ಬಿದ್ದರು. ಗಾಬರಿಯಾಗಲಿಲ್ಲ. ನೆಲ ಒಣಗುತ್ತಾ ಬಂದ ಹಾಗೆ ಒಬ್ಬೊಬ್ಬರನ್ನೇ ದಾಟಿ ಗೆದ್ದರು. ಕಜೀವಾಕ್ಕೆ ಅದೇ ಮೊದಲ ಗೆಲುವು. ಲಾಸನ್‌ಗೆ 31ನೆಯದು, ಕೊನೆಯದು. ಧೈರ್ಯ ಇಲ್ಲದವರು ಇಂಥ ಟೈರ್ ಹಾಕಿಸಲ್ಲ. ಅವರದು ಬರೀ ಹುಷಾರಿನ ಓಟ ಅನ್ನೋ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಹೆಚ್ಚು ರೇಸ್ ಗೆಲ್ಲದವರಿಗೆ ಪಟ್ಟ ಯಾಕೆ ಅನ್ನೋ ಜಗಳ ಮಾತ್ರ ಮುಗಿದಿಲ್ಲ. 1993ರಿಂದ ಗೆದ್ದವರಿಗೆ 25, ಎರಡನೆಯವರಿಗೆ 20 ಪಾಯಿಂಟ್ ಸಿಗುತ್ತದೆ. ಗೆಲುವಿಗೆ ಇಷ್ಟು ಹೆಚ್ಚು ಕೊಟ್ಟರೂ 1999ರಲ್ಲಿ ಎಮಿಲಿಯೋ ಅಲ್ಜಮೋರಾ ಒಂದೂ ರೇಸ್ ಗೆಲ್ಲದೆ 125 ಸಿಸಿ ಚಾಂಪಿಯನ್ ಆದರು, ಅದೂ ಒಂದೇ ಪಾಯಿಂಟ್ ಅಂತರದಲ್ಲಿ. 2020ರಲ್ಲಿ ಜೋನ್ ಮಿರ್ ಒಂದೇ ಗೆಲುವಿನಲ್ಲಿ ಮೋಟೋಜಿಪಿ (500 ಸಿಸಿಯ ಜಾಗಕ್ಕೆ ಬಂದ ದರ್ಜೆ) ಪಟ್ಟ ಹಿಡಿದರು. ಅದೇ ವರ್ಷ 3 ರೇಸ್ ಗೆದ್ದ ಫಾಬಿಯೋ ಕ್ವಾರ್ಟರಾರೋಗೆ ಸಿಕ್ಕಿದ್ದು 8ನೇ ಸ್ಥಾನ.