ನೀಲಿಗೆ ತಿರುಗದ ಚಿನ್ನದ ನೀರು

1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತಿತ್ತು. ಹತ್ತು ವರ್ಷಗಳ ನಂತರ, 1968ರಲ್ಲಿ, ಕೀಟನಾಶಕ ಕಾಯ್ದೆ ಬಂತು. ತಯಾರಿಕೆ, ಮಾರಾಟಗಳಿಗೆ ಲೈಸೆನ್ಸ್ ಬಂದರೂ ತಟ್ಟೆಯಲ್ಲಿ ವಿಷವಿದೆಯೇ ಎಂದು ತಿಳಿಯುವ ಬಗೆ ಮಾತ್ರ ಹೊಲದಿಂದ ದೂರದ ಪ್ರಯೋಗಾಲಯದಲ್ಲೇ ಉಳಿಯಿತು.

ಆ ದೂರದ ನೋವನ್ನು ಕಾಸರಗೋಡಿನ ಕನ್ನಡಿಗರು ಉಂಡಿದ್ದಾರೆ. ಎಣ್ಮಕಜೆ ಸುತ್ತಲಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಪತ್ರಕರ್ತ ಶ್ರೀ ಪಡ್ರೆ, ವೈದ್ಯ ವೈ.ಎಸ್. ಮೋಹನ ಕುಮಾರ್ ಬರೆದರು, ಕೂಗಿ ಹೇಳಿದರು. ಕಣ್ಣೆದುರು ಮಕ್ಕಳು ನರಳುತ್ತಿದ್ದರೂ ಪುರಾವೆ ಕೊಡಿ ಎಂಬ ಮಾತೇ ಎದುರಾಯಿತು. 2001ರಲ್ಲಿ ದೆಹಲಿಯಲ್ಲಿ ನಡೆದ ಪರೀಕ್ಷೆಯಲ್ಲಿ ಅಲ್ಲಿನ ನೀರು, ಮಣ್ಣು, ರಕ್ತದಲ್ಲಿ ವಿಷ ಕಂಡಿತು. ಅದನ್ನು ಅಲ್ಲಗಳೆಯುವ ವರದಿಯೂ ಬೆನ್ನಿಗೇ ಬಂತು. ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಬಾವಿಕಟ್ಟೆಯಲ್ಲೇ ನೀರು ನೋಡಿ ಹೇಳುವ ಸಾಧನ ಆ ಊರಿನವರ ಕೈಯಲ್ಲಿದ್ದಿದ್ದರೆ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

2003ರಲ್ಲಿ ಮದ್ರಾಸ್ ಐಐಟಿಯ ಟಿ. ಪ್ರದೀಪ್ ತಂಡ ಅಂಥದ್ದೊಂದು ದಾರಿ ತೋರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿದವರು ಪ್ರದೀಪ್. ಚಿನ್ನದ ನ್ಯಾನೊಕಣಗಳಿರುವ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುವ, ದ್ರಾವಣ ಎಂಡೋಸಲ್ಫಾನ್ ಸೋಕಿದಾಗ ಬಣ್ಣ ಬದಲಿಸುತ್ತದೆ ಎಂದು ಅವರು ತೋರಿಸಿದರು. ಅದರಲ್ಲಿ ಜೈವಿಕ ಅಂಶವಿರಲಿಲ್ಲ. ಜೈವಿಕ ಅಂಶದ ನೆರವಿನಿಂದ ಪತ್ತೆಹಚ್ಚುವ ಸಾಧನದ, ಅಂದರೆ ಬಯೋಸೆನ್ಸರ್‌ನ ಕಥೆ ಬೇರೆಡೆ ಶುರುವಾಗಿತ್ತು. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್, ಕಿಣ್ವವನ್ನು ಎಲೆಕ್ಟ್ರೋಡ್‌ಗೆ ಜೋಡಿಸಿ ಗ್ಲೂಕೋಸ್ ಅಳೆಯುವ ಬಗೆಯನ್ನು ವಿವರಿಸಿದ್ದರು. ಕೀಟನಾಶಕದ ಪತ್ತೆಗೆ ಬಳಸಿದ್ದು ನಮ್ಮ ನರಗಳಲ್ಲೇ ಇರುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು. ಪ್ಯಾರಾಥಿಯಾನ್‌ನಂಥ ವಿಷಗಳು ಕೊಲ್ಲುವುದೇ ಅದನ್ನು ಕಟ್ಟಿಹಾಕಿ.

ಈ ಕಿಣ್ವವೂ ಚಿನ್ನದ ಕಣಗಳೂ ಜೊತೆಯಾದರೆ ಏನಾಗುತ್ತದೆ ಎಂದು ಒಂದು ಹನಿಯಲ್ಲಿ ನೋಡೋಣ. ಚಿನ್ನದ ಕಣಗಳು ಬಿಡಿಬಿಡಿಯಾಗಿದ್ದರೆ ದ್ರಾವಣ ದ್ರಾಕ್ಷಾರಸದಂತೆ ಕೆಂಪು. ಕಿಣ್ವ ತನ್ನ ಆಹಾರವನ್ನು ಒಡೆದಾಗ ಹುಟ್ಟುವ ಗಂಧಕದ ಸಂಯುಕ್ತವೊಂದು ಕಣಗಳನ್ನು ಒಟ್ಟುಗೂಡಿಸುತ್ತದೆ, ಬಣ್ಣ ನೀಲಿಗೆ ತಿರುಗುತ್ತದೆ. ಮಾದರಿಯಲ್ಲಿ ವಿಷವಿದ್ದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ನೀರು ಕೆಂಪಾಗಿಯೇ ಉಳಿಯುತ್ತದೆ. ಬದಲಾಗದಿರುವುದೇ ಅಪಾಯದ ಸೂಚನೆ. 2004ರ ಹೊತ್ತಿಗೆ ಇಂಗಾಲದ ನ್ಯಾನೊಕೊಳವೆ ಹಚ್ಚಿದ, ಒಮ್ಮೆ ಬಳಸಿ ಎಸೆಯುವ ಪರೀಕ್ಷಾ ಪಟ್ಟಿಗಳೂ ಬಂದವು. ಅವು ಬಣ್ಣದ ಬದಲು ವಿದ್ಯುತ್ ಪ್ರವಾಹದ ಇಳಿಕೆಯನ್ನು ಅಳೆಯುತ್ತವೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2009ರಲ್ಲಿ ಬೆಳಕು ಸೂಸುವ ಅತಿಸೂಕ್ಷ್ಮ ಕಣಗಳಾದ ಕ್ವಾಂಟಮ್ ಡಾಟ್‌ಗಳಿಂದ 2,4-ಡಿ ಕಳೆನಾಶಕವನ್ನು ಪತ್ತೆಹಚ್ಚುವ ವಿಧಾನ ಪ್ರಕಟಿಸಿದರು.

ಇಷ್ಟು ಸೂಕ್ಷ್ಮತೆ ಏಕೆ ಬೇಕು? ಪ್ರತ್ಯೇಕ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಅನ್ವಯಿಸುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ 10 ಟನ್ ದ್ರಾಕ್ಷಿ ತುಂಬಿದ ಲಾರಿಯೊಂದರಲ್ಲಿ ಗ್ರಾಮಿನ ಹತ್ತನೇ ಒಂದು ಪಾಲು! ಇಂದಿಗೂ ಇದನ್ನು ಅಳೆಯಲು ತರಕಾರಿ ಕೊಚ್ಚಿ, ದ್ರಾವಕದಲ್ಲಿ ಕುಲುಕಿ, ಸಾರ ತೆಗೆದು ದುಬಾರಿ ಯಂತ್ರಕ್ಕೆ ಕೊಡಬೇಕು. ಮುಂಜಾನೆ ಹರಾಜಾದ ಮೆಣಸಿನಕಾಯಿ ವರದಿ ಬರುವಷ್ಟರಲ್ಲಿ ಸಾರಾಗಿ ಮುಗಿದಿರುತ್ತದೆ.

ಪಟ್ಟಿಗಳಿಗೂ ತೊಡಕುಗಳಿವೆ. ಬಿಸಿಲಿಗೆ ಕಿಣ್ವ ಸಾಯುತ್ತದೆ. ಈರುಳ್ಳಿ, ಬೆಳ್ಳುಳ್ಳಿಯ ಗಂಧಕ ಫಲಿತಾಂಶವನ್ನು ಕೆಡಿಸಬಲ್ಲದು. ಕಿಣ್ವವನ್ನು ತಡೆಯುವ ವಿಷವಿದೆ ಎಂದಷ್ಟೇ ಪಟ್ಟಿ ಹೇಳುತ್ತದೆ, ಯಾವ ವಿಷ ಎಂದು ಹೇಳದು. ಎಂಡೋಸಲ್ಫಾನ್ ಕೊಲ್ಲುವ ಬಗೆಯೇ ಬೇರೆಯಾದ್ದರಿಂದ ಅದು ಈ ಕಿಣ್ವದ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ನ್ಯಾಯಾಲಯದಲ್ಲಿ ನಿಲ್ಲುವ ಮಾತು ಇನ್ನೂ ಯಂತ್ರದ್ದೇ. ಆದರೆ ನೂರು ಕ್ರೇಟ್‌ಗಳಲ್ಲಿ ಯಾವ ನಾಲ್ಕನ್ನು ಆ ಯಂತ್ರಕ್ಕೆ ಕಳಿಸಬೇಕೆಂದು ಮಾರುಕಟ್ಟೆಯ ಗೇಟಿನಲ್ಲೇ ಹೇಳಲು ಒಂದು ಪಟ್ಟಿ, ಕೆಲವು ನಿಮಿಷ ಸಾಕು.