ಬಿಟ್ಟಿ ಟೊಮೆಟೊಗೂ ಕೂಲಿ ಕೊಡಬೇಕು

ಟೊಮೆಟೊ ರೇಟು ಬಿದ್ದಾಗಲೆಲ್ಲ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕೋಲಾರದ ಕಡೆ ರಸ್ತೆ ಬದಿಗೆ ಸುರಿದ ಹಣ್ಣಿನ ವಿಡಿಯೊ ಯಾರಾದರೂ ಕಳಿಸಿರುತ್ತಾರೆ. ಜೊತೆಗೆ ಒಂದು ಪ್ರಶ್ನೆ: ‘ಇದನ್ನೆಲ್ಲ ಯಾವುದಾದರೂ ಅನಾಥಾಶ್ರಮಕ್ಕೆ ಕೊಡಬಹುದಿತ್ತು, ಅಲ್ವಾ?’ ಕೊಡಬಹುದಿತ್ತು. ಆದರೆ ಗಿಡದಿಂದ ಬಿಡಿಸಿ, ತುಂಬಿಸಿ, ತಂದು ಇಳಿಸುವವರು ಯಾರು?

ಕೊಯ್ಲಾದ ಮೇಲೆ ತರಕಾರಿ ಕೆಡದಂತೆ ನೋಡಿಕೊಳ್ಳುವುದು ನನ್ನ ಕಸುಬು. ಕೆಲವು ವರ್ಷಗಳಿಂದ ಒಂದು ಸಣ್ಣ ಫುಡ್ ಬ್ಯಾಂಕಿಗೆ ಹೊಲದಿಂದ ನೇರವಾಗಿ ತರಕಾರಿ ತರಿಸುವ ಕೆಲಸವೂ ಹೆಗಲೇರಿದೆ. ನಾವು ಅಡುಗೆ ಮಾಡುವುದಿಲ್ಲ. ಹಾಸ್ಟೆಲು, ವೃದ್ಧಾಶ್ರಮ, ಆಸ್ಪತ್ರೆ ಪಕ್ಕದ ಅನ್ನದಾನದ ಅಡುಗೆಮನೆ, ಇಂಥ ಕಡೆಗೆ ಸಾಮಾನು ಮುಟ್ಟಿಸುತ್ತೇವೆ, ಅಷ್ಟೇ. ಅಕ್ಕಿ, ಬೇಳೆ ಕೊಡುವ ದಾನಿಗಳು ಬೇಕಾದಷ್ಟು ಸಿಗುತ್ತಾರೆ. ಕಷ್ಟ ಇರುವುದು ತರಕಾರಿಯಲ್ಲಿ.

ಶುರುವಿನಲ್ಲಿ ನಾನೂ ವಿಡಿಯೊ ನೋಡಿ ಹೊರಟವನೇ. ಮುಳಬಾಗಿಲಿನ ಹತ್ತಿರ ಒಬ್ಬ ರೈತರ ಹೊಲ. ಕಡ್ಡಿಗೆ ಕಟ್ಟಿದ ಗಿಡದಲ್ಲಿ ಹಣ್ಣು ಕೆಂಪಗೆ ತೂಗುತ್ತಿತ್ತು. ‘ಹೇಗೂ ಬಿಟ್ಟುಬಿಡ್ತೀರಲ್ಲ, ಮಕ್ಕಳಿಗೆ ಕೊಡಿ’ ಎಂದೆ. ಅವರು ಬೇಡ ಎನ್ನಲಿಲ್ಲ. ‘ತಗೊಂಡು ಹೋಗಿ ಸಾರ್, ಪುಣ್ಯ ಬರ್ತದೆ. ಬಿಡಿಸೋ ಕೂಲಿ ಮಾತ್ರ ನೀವೇ ನೋಡ್ಕೊಳ್ಳಿ. ನನ್ ಹತ್ರ ಇನ್ನು ದುಡ್ಡಿಲ್ಲ’ ಎಂದರು. ನಾನು ಪೆಚ್ಚಾದೆ. ಬಿಟ್ಟಿ ಹಣ್ಣಿಗೆ ದುಡ್ಡು ಯಾಕೆ ಅನ್ನುವುದೇ ಅವತ್ತು ನನ್ನ ತಲೆಯಲ್ಲಿ ಇದ್ದದ್ದು.

ಒಂದು ಲೆಕ್ಕ ಹಿಡಿಯೋಣ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ರೇಟು ಬಾಕ್ಸಿಗೆ 45 ರೂಪಾಯಿಗೆ ಇಳಿದಿದೆ ಅನ್ನಿ. ಬಿಡಿಸಿ, ಆರಿಸಿ, ತುಂಬಿ ರಸ್ತೆವರೆಗೆ ಹೊತ್ತು ತರಲು 20. ಟೆಂಪೋ ಬಾಡಿಗೆ 15. ಕಮಿಷನ್, ಹಮಾಲಿ ಸೇರಿ 7. ಉಳಿಯುವುದು 3 ರೂಪಾಯಿ. ನೂರು ಬಾಕ್ಸು ಕಳಿಸಿದರೆ 300. ಗೊಬ್ಬರ, ಔಷಧಿ, ಕಡ್ಡಿ, ಡ್ರಿಪ್ಪು ಯಾವುದೂ ಈ ಲೆಕ್ಕದಲ್ಲಿ ಬಂದೇ ಇಲ್ಲ. ರೇಟು ಇನ್ನು ನಾಲ್ಕು ರೂಪಾಯಿ ಇಳಿದರೆ, ಹಣ್ಣು ಬಿಡಿಸಿದವನಿಗಿಂತ ಬಿಡಿಸದೆ ಮಲಗಿದವನೇ ಜಾಣ. ಹಾಗಾಗಿ ರಸ್ತೆಗೆ ಸುರಿದದ್ದು ನಮ್ಮ ಕಣ್ಣಿಗೆ ಕಾಣುತ್ತದೆ, ಗಿಡದಲ್ಲೇ ಕೊಳೆತದ್ದು ಕಾಣುವುದಿಲ್ಲ. ನನ್ನ ಅನುಭವದಲ್ಲಿ ಎರಡನೆಯದೇ ಜಾಸ್ತಿ.

ಈಗ ನಾವು ಇಂಥ ದಿನಗಳಲ್ಲಿ ಕೊಡುವುದು ಹೀಗೆ: ಬಿಡಿಸುವ ಕೂಲಿ 20, ಗಾಡಿ 15, ಹಣ್ಣಿಗೆ ಅಂತ 40. ಒಟ್ಟು 75, ಅಂದರೆ ಕೆಜಿಗೆ 5 ರೂಪಾಯಿ. ಕಮಿಷನ್ ಇಲ್ಲ. ರೈತನಿಗೆ ಮಂಡಿಗಿಂತ ಚೆನ್ನಾಗಿ ಸಿಗುತ್ತದೆ, ನಮಗೂ ಅಂಗಡಿ ರೇಟಿಗಿಂತ ಕಡಿಮೆಯೇ. ದಾನಿಗಳನ್ನು ಒಪ್ಪಿಸುವುದು ಮಾತ್ರ ಇವತ್ತಿಗೂ ಕಷ್ಟ. ಒಂದು ದಿನದ ಊಟಕ್ಕೆ ಸಂತೋಷವಾಗಿ ಚೆಕ್ ಬರೆಯುವವರು ಗಾಡಿ ಬಾಡಿಗೆ ಎಂದರೆ ಹಿಂದೆ ಸರಿಯುತ್ತಾರೆ. ಗಾಡಿ ಬಾಡಿಗೆ ಊಟ ಅಲ್ವಂತೆ!

ಇನ್ನು ಅಡುಗೆಮನೆಯ ಕಡೆಯ ಕಥೆ. ಮೊದಲ ವರ್ಷ ನಾನು ಒಂದು ಹಾಸ್ಟೆಲಿಗೆ ನಲವತ್ತು ಬಾಕ್ಸು ಹಣ್ಣು ಇಳಿಸಿದೆ. ಶನಿವಾರ ಮಧ್ಯಾಹ್ನ, ಅದೂ ದಸರಾ ರಜೆ ಶುರುವಾಗುವ ಹಿಂದಿನ ದಿನ. ವಿಚಾರಿಸಿರಲಿಲ್ಲ. ಅಡುಗೆಯ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ‘ಇಷ್ಟೊಂದು ತಂದು ಸುರಿದ್ರೆ ನಾನೇನು ಇದ್ರಲ್ಲಿ ಸ್ನಾನ ಮಾಡ್ಲಾ ಸಾರ್?’ ಸೋಮವಾರ ಹೋಗಿ ನೋಡಿದಾಗ ಕೆಳಗಿನ ಬಾಕ್ಸುಗಳಿಂದ ನೀರು ಇಳಿದು ಉಗ್ರಾಣದ ನೆಲವೆಲ್ಲ ಅಂಟಂಟು. ಹೊಲದಲ್ಲಿ ಕೊಳೆಯಬೇಕಾದದ್ದನ್ನು ದುಡ್ಡು ಕೊಟ್ಟು ತಂದು ಹಾಸ್ಟೆಲಿನಲ್ಲಿ ಕೊಳೆಸಿದ್ದೆ. ತೊಳೆಯುವ ಕೆಲಸ ಆ ಅಕ್ಕನ ಪಾಲಿಗೆ ಬಂತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಶಾಲೆಯ ಬಿಸಿಯೂಟದಲ್ಲಿ 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ 75 ಗ್ರಾಂ ತರಕಾರಿ ಎಂಬ ಅಳತೆ ಇದೆ. ಇನ್ನೂರು ಮಕ್ಕಳಿಗೆ 15 ಕೆಜಿ. ಅಂದರೆ ಒಂದೇ ಒಂದು ಬಾಕ್ಸು, ಅದೂ ಬರೀ ಟೊಮೆಟೊ ತಿನ್ನಿಸಿದರೆ! ನೂರು ಬಾಕ್ಸಿನ ಒಂದು ಲೋಡು ಇಳಿಸಬೇಕು ಎಂದರೆ ಇಪ್ಪತ್ತು ಸಾವಿರ ಮಕ್ಕಳ ಒಂದು ದಿನದ ತರಕಾರಿ. ಒಂದು ಲೋಡನ್ನು ಒಂದೇ ಬಾಗಿಲಿಗೆ ತರಬಾರದು. ಹತ್ತಾರು ಅಡುಗೆಮನೆಗೆ ಅವತ್ತು ಬೆಳಿಗ್ಗೆಯೇ ಹಂಚಿ ಮುಗಿಸಬೇಕು. ಹಣ್ಣು ಹುಡುಕುವುದಕ್ಕಿಂತ ಈ ಹಂಚುವ ಪಟ್ಟಿ ಮಾಡುವುದೇ ನಿಜವಾದ ಕೆಲಸ.

ನಮ್ಮ ಈಗಿನ ಕ್ರಮ ಸರಳ. ಅಡುಗೆಯವರು ಬುಧವಾರ ಫೋನಿನಲ್ಲಿ ಬೇಕಾದದ್ದನ್ನು ಹೇಳುತ್ತಾರೆ. ಗುರುವಾರ ಸಂಜೆ ನಮ್ಮ ಗಾಡಿ ರೈತರ ಹೊಲದಲ್ಲಿ ಖಾಲಿ ಕ್ರೇಟು ಇಳಿಸಿ ಬರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ರೈತರ ಹತ್ತಿರ ಇರುವ ಬಾಕ್ಸು ಸಾಮಾನ್ಯವಾಗಿ ಮಂಡಿಯವರದು, ನಮಗೆ ತುಂಬಿಕೊಡಲು ಬರುವುದಿಲ್ಲ. ಚೀಲಕ್ಕೆ ತುಂಬಿದರೆ ಕೆಳಗಿನದು ಸಾರಾಗುತ್ತದೆ. ಶುಕ್ರವಾರ ಬಿಸಿಲೇರುವ ಮೊದಲು ಬಿಡಿಸಬೇಕು. ಶುಕ್ರವಾರಕ್ಕೆ, ಶನಿವಾರಕ್ಕೆ ಹಣ್ಣು. ಮುಂದಿನ ನಾಲ್ಕು ದಿನಕ್ಕೆ ದೋರಗಾಯಿ, ಅಂದರೆ ಅರೆ ಮಾಗಿದ್ದು. ಬಿಡಿಸುವ ಹೆಂಗಸರಿಗೆ ಇಷ್ಟು ಹೇಳಿದರೆ ಸಾಕು, ಬಣ್ಣ ನೋಡಿ ಬೇರೆ ಬೇರೆ ಕ್ರೇಟಿಗೆ ಹಾಕುತ್ತಾರೆ. ನನಗಿಂತ ಅವರ ಕಣ್ಣು ಚುರುಕು. ಮೊದಲೇ ತೊಳೆಯಬಾರದು, ಒದ್ದೆ ಹಣ್ಣು ಬೇಗ ಕೊಳೆಯುತ್ತದೆ. ದೋರಗಾಯಿಯನ್ನು ಫ್ರಿಜ್ಜಿಗೆ ಹಾಕಬಾರದು, ಹಾಕಿದರೆ ಸರಿಯಾಗಿ ಹಣ್ಣಾಗುವುದೇ ಇಲ್ಲ. ಸೊಪ್ಪಿಗೆ ಒದ್ದೆ ಗೋಣಿ ಹೊದಿಸಬೇಕು, ಮಾಗಿದ ಟೊಮೆಟೊ ಅಥವಾ ಬಾಳೆಹಣ್ಣಿನ ಪಕ್ಕ ಇಡಬಾರದು. ಹಣ್ಣಿನಿಂದ ಬರುವ ಎಥಿಲೀನ್ ಗಾಳಿಗೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಬಿಟ್ಟ ಹೊಲಕ್ಕೆ ಕಾಲಿಟ್ಟಾಗ ನಾನು ಮೊದಲು ಕೇಳುವ ಪ್ರಶ್ನೆ ಬೇರೆಯೇ: ‘ಕೊನೇ ಔಷಧಿ ಯಾವತ್ತು ಹೊಡೆದಿರಿ?’ ರೇಟು ಬೀಳುವ ಎರಡು ದಿನ ಮೊದಲು ಸ್ಪ್ರೇ ಆಗಿರಬಹುದು. ಔಷಧಿ ಹೊಡೆದ ಎಷ್ಟು ದಿನದ ಮೇಲೆ ಬಿಡಿಸಬೇಕು ಎಂದು ಡಬ್ಬಿಯ ಲೇಬಲ್ಲಿನಲ್ಲೇ ಬರೆದಿರುತ್ತದೆ. ಡಬ್ಬಿ ತರಿಸಿ ನೋಡುತ್ತೇನೆ. ದಿನ ಕಳೆದಿಲ್ಲದಿದ್ದರೆ, ಎಷ್ಟೇ ಚೆಂದದ ಹಣ್ಣಿರಲಿ, ವಾಪಸು. ಬಡವರ ಮಕ್ಕಳು ತಾನೇ ಎಂದು ಇಲ್ಲಿ ಸಡಿಲ ಬಿಡುವವರನ್ನು ಕಂಡಿದ್ದೇನೆ. ಅಂಥವರ ಜೊತೆ ಎರಡನೇ ಸಲ ಕೆಲಸ ಮಾಡಿಲ್ಲ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಬರೆದಿಡುವ ಪುಸ್ತಕವೂ ಇದೆ. ಹೆಚ್ಚುವರಿ ಆಹಾರ ಹಂಚುವವರಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲೇ ನಿಯಮ ಮಾಡಿದೆ. ನಿಯಮ ಇಲ್ಲದಿದ್ದರೂ ನಾನು ಬರೆದಿಡುತ್ತಿದ್ದೆ.

ಟೊಮೆಟೊ ಸುದ್ದಿಯಾಗುತ್ತದೆ, ಆದರೆ ಫುಡ್ ಬ್ಯಾಂಕಿಗೆ ಹೇಳಿ ಮಾಡಿಸಿದ ತರಕಾರಿ ಅದಲ್ಲ. ಬೂದುಗುಂಬಳ, ಸಿಹಿಕುಂಬಳ, ಮಂಗಳೂರು ಸೌತೆ ನನಗೆ ಅಚ್ಚುಮೆಚ್ಚು. ಕರಾವಳಿಯ ಮನೆಗಳಲ್ಲಿ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿ ಮಳೆಗಾಲ ಕಳೆಯುತ್ತಿದ್ದರು. ಕರೆಂಟೂ ಬೇಡ, ಕೋಲ್ಡ್ ಸ್ಟೋರೇಜೂ ಬೇಡ. ಅದೇ ಕರಾವಳಿಯ ಹೊರೆಕಾಣಿಕೆ ನೋಡಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ಬಂದರೆ ಊರೂರಿನಿಂದ ಅಕ್ಕಿ, ತೆಂಗಿನಕಾಯಿ, ತರಕಾರಿ ಮೆರವಣಿಗೆಯಲ್ಲಿ ಬಂದು ಉಗ್ರಾಣ ಸೇರುತ್ತದೆ. ಭಕ್ತಿ ಇದ್ದೇ ಇದೆ, ಆದರೆ ನನ್ನ ಕಸುಬಿನ ಕಣ್ಣಿಗೆ ಕಾಣುವುದು ಬೇರೆ: ದಿನ ಮೊದಲೇ ಗೊತ್ತು, ಎಷ್ಟು ಜನರ ಊಟ ಎಂಬ ಅಂದಾಜು ಗೊತ್ತು, ಇಳಿಸಿಕೊಳ್ಳಲು ಜನ ಇದ್ದಾರೆ.

ಉಳಿದದ್ದನ್ನು ದುಡ್ಡು ಕೊಟ್ಟು ಕೊಂಡು ಮಕ್ಕಳಿಗೆ ಮುಟ್ಟಿಸುವುದನ್ನು ಹಾಲಿನಲ್ಲಿ ನಮ್ಮ ರಾಜ್ಯ ಮಾಡಿ ತೋರಿಸಿದೆ. ಕೆಎಂಎಫ್‌ಗೆ ಬರುವ ಹಾಲು ಜಾಸ್ತಿಯಾಗಿ ಪುಡಿ ರಾಶಿ ಬಿದ್ದಿದ್ದ ಕಾಲದಲ್ಲಿ, 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಶುರುವಾಯಿತು. ಶಾಲೆಯ ಮಗುವಿಗೆ 150 ಮಿಲಿ ಹಾಲು. ಉಳಿದ ಹಾಲು ಬಿಟ್ಟಿ ಕೊಡಿ ಎಂದು ಹೈನುಗಾರರನ್ನು ಯಾರೂ ಕೇಳಲಿಲ್ಲ. ಸರ್ಕಾರ ದುಡ್ಡು ಕೊಟ್ಟು ಕೊಂಡಿತು. ತರಕಾರಿಗೆ ಮಾತ್ರ ಯಾಕೋ ನಾವು ದಾನದ ಭಾಷೆಯಲ್ಲೇ ಮಾತಾಡುತ್ತೇವೆ.

ಫುಡ್ ಬ್ಯಾಂಕು ಹುಟ್ಟಿದ ಅಮೆರಿಕದಲ್ಲೂ ಇದೇ ಪಾಠ. 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಶುರು ಮಾಡಿದ್ದು ಎಸೆದುಹೋಗುವ ಆಹಾರ ಉಳಿಸಲಿಕ್ಕೆ. 2020ರಲ್ಲಿ ಕೋವಿಡ್‌ನಿಂದ ಶಾಲೆ, ಹೋಟೆಲು ಮುಚ್ಚಿ ರೈತರು ಹಾಲು ಚೆಲ್ಲುವಂತಾದಾಗ ನ್ಯೂಯಾರ್ಕ್ ರಾಜ್ಯ ಫುಡ್ ಬ್ಯಾಂಕುಗಳ ಕೈಗೆ ದುಡ್ಡು ಕೊಟ್ಟು, ನಮ್ಮ ರಾಜ್ಯದ ರೈತರಿಂದಲೇ ಕೊಳ್ಳಿ ಎಂದಿತು. 2021ರಲ್ಲಿ ಅದನ್ನು ಕಾನೂನೇ ಮಾಡಿತು. ಇಂಥದ್ದೇ, ಅಮೆರಿಕದ ಕೇಂದ್ರ ಸರ್ಕಾರದ ಯೋಜನೆಯೊಂದರ ಮುಂದಿನ ಕಂತನ್ನು ಮಾತ್ರ 2025ರ ಮಾರ್ಚಿನಲ್ಲಿ ಅಲ್ಲಿನ ಕೃಷಿ ಇಲಾಖೆ ರದ್ದು ಮಾಡಿತು. ಅದನ್ನು ನಂಬಿ ಬೆಳೆ ಯೋಜನೆ ಹಾಕಿದ್ದ ಸಣ್ಣ ರೈತರು ಪೇಚಿಗೆ ಸಿಕ್ಕರು. ಸರ್ಕಾರದ ದುಡ್ಡಿನಲ್ಲಿ ಈ ತಾಪತ್ರಯವೂ ಇದೆ. ಅದಕ್ಕೇ ನಾವು ಸಣ್ಣದಾಗಿ, ಕೈಲಾದಷ್ಟಕ್ಕೆ ಮಾತ್ರ ಮಾತು ಕೊಡುತ್ತೇವೆ.

ಮಾತು ಮುರಿಯುವ ದಿನವೂ ಬರುತ್ತದೆ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸು 2000 ರೂಪಾಯಿ ದಾಟಿತು. ಮುಳಬಾಗಿಲಿನ ಆ ರೈತರೇ ಫೋನು ಮಾಡಿದರು. ಧ್ವನಿಯಲ್ಲಿ ಸಂಕೋಚ. ‘ಸಾರ್, ಮಾತು ಕೊಟ್ಟಿದ್ದೀನಿ. ಹತ್ತು ಬಾಕ್ಸು ನಿಮಗೆ ಎತ್ತಿಡ್ಲಾ?’ ‘ಬೇಡ, ಎಲ್ಲ ಮಂಡಿಗೆ ಹಾಕಿ’ ಎಂದೆ. ಎಷ್ಟು ವರ್ಷದ ಸಾಲ ಇತ್ತೋ ಅವರಿಗೆ. ಮರುವಾರ ಗಾಡಿಯಲ್ಲಿ ಟೊಮೆಟೊ ಬದಲು ಎರಡು ಮೂಟೆ ಬೂದುಗುಂಬಳ ಕಳಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಹಾಸ್ಟೆಲಿನ ಅಕ್ಕನಿಗೆ ವಿಷಯ ಹೇಳಿದಾಗ, ‘ಅಯ್ಯೋ ಅದಕ್ಕೇನು ಸಾರ್, ಹುಣಸೆಹಣ್ಣಿಲ್ವಾ’ ಎಂದು ಡಬ್ಬಿ ಕೆಳಗಿಳಿಸಿದರು.